ಮುತ್ತಮ್ಮ ಮತ್ತು ಹನ್ನೊಂದನೆಯ ಭಾಗ

2002ರ ಜನವರಿಯ ಒಂದು ಭಾನುವಾರ, ದೆಹಲಿಯ ಆರ್.ಕೆ. ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ, ಎಂಟನೆಯ ತರಗತಿಯಲ್ಲಿದ್ದ ನನ್ನ ಮಗಳು ಸುಮಿ ತನ್ನ ಗೆಳತಿ ಮುತ್ತಮ್ಮ ಈಗ ಮುತ್ತಮ್ಮನಲ್ಲ ಎಂದು ತಿಳಿಸಿದಳು.

"ಮತ್ತೆ ಯಾರು?" ಎಂದು ಕೇಳಿದೆ.

"ಬದಲಿ. ಸಚ್ಚೀ ಅಪ್ಪ. ಮೊದ್ಲು ಡೌಟ್ ಇತ್ತು. ಈಗ ಪಕ್ಕಾ."

ನನ್ನ ಹೆಂಡತಿ ವಿಜಯಾ ಅವಲಕ್ಕಿಗೆ ನಿಂಬೆಹಣ್ಣು ಹಿಂಡುತ್ತಿದ್ದವಳು ತಲೆ ಎತ್ತದೆ, "ಬದಲಾಗೋದಿದ್ರೆ ನಮ್ಮ ಗೀಸರ್ ಬದಲಾಗ್ಲಿ" ಎಂದಳು.

ನಾನು ಆಗ ಒಂದು ಕನ್ನಡ ದಿನಪತ್ರಿಕೆಯ ದೆಹಲಿ ವರದಿಗಾರ. ಹೇಳಿದವರು ಯಾರು, ಆಧಾರ ಏನು ಎಂದು ಕೇಳದೆ ಯಾವ ಸುದ್ದಿಯನ್ನೂ ಮುಂದಕ್ಕೆ ಕಳಿಸಬಾರದು ಎಂಬುದು ಕಚೇರಿಯಲ್ಲಿ ಕಲಿತ ಪಾಠ. ಅದು ಮನೆಯೊಳಗೂ ಬಂದುಬಿಟ್ಟಿತ್ತು. ಹಾಲು ಒಡೆದಿದೆ ಎಂದು ಯಾರಾದರೂ ಹೇಳಿದರೆ ಎದ್ದು ಹೋಗಿ ಪಾತ್ರೆ ನೋಡಿ ಬರುತ್ತಿದ್ದೆ. ಆದ್ದರಿಂದ ಸುಮಿಯನ್ನೂ ಆಧಾರ ಕೇಳಿದೆ. ಅವಳು ತೋರಿಸಿದ್ದು ಒಂದು ಪುಸ್ತಕವನ್ನು. ಅಂದರೆ ಆ ಪುಸ್ತಕ ಇರಬೇಕಾಗಿದ್ದ ಖಾಲಿ ಜಾಗವನ್ನು.

ಪುಸ್ತಕದ ವಿಷಯ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ಅದು ದೊಡ್ಡ ಮಕ್ಕಳಿಗಾಗಿ ಬರೆದ ಭಯದ ಕಾದಂಬರಿಗಳ ಸರಣಿ, ಇಂಗ್ಲಿಷಿನದು, ಒಟ್ಟು ಹನ್ನೆರಡು ಭಾಗ. ಎಲ್ಲೋ ಪರದೇಶದಲ್ಲಿ ಸರೋವರದ ದಡದ ಒಂದು ಊರು. ಅಲ್ಲಿ ಐವರು ಗೆಳೆಯರು. ಸರೋವರದ ತಳದಿಂದ ಆಗಾಗ ಏನೋ ಒಂದು ಎದ್ದು ಬಂದು ಊರಿನ ಒಬ್ಬರನ್ನು ಒಳಗೆ ಸೆಳೆದುಕೊಂಡು ಅವರ ಜಾಗದಲ್ಲಿ ತಾನು ನಿಲ್ಲುತ್ತದೆ. ಅದೇ ಮುಖ, ಅದೇ ನಡಿಗೆ. ನಮ್ಮ ಮನೆಯಲ್ಲಿ ಅದಕ್ಕೆ ಬದಲಿ ಎಂದು ಹೆಸರಾಯಿತು. ಬದಲಿಯನ್ನು ಗುರುತಿಸಲು ಇರುವುದು ಒಂದೇ ಲಕ್ಷಣ: ಅದು ಸುಳ್ಳು ಹೇಳುವುದಿಲ್ಲ, ಆದರೆ ನೇರವಾಗಿ ಕೇಳಿದ್ದಕ್ಕೆ ಉತ್ತರವನ್ನೂ ಕೊಡುವುದಿಲ್ಲ. ಮಾತು ಬೇರೆ ಕಡೆಗೆ ತಿರುಗಿಸುತ್ತದೆ. ನಾನು ದಿನವೂ ಭೇಟಿಯಾಗುತ್ತಿದ್ದ ಅಧಿಕಾರಿಗಳಲ್ಲಿ ಬಹಳ ಮಂದಿ ಈ ಲೆಕ್ಕದಲ್ಲಿ ಸರೋವರದಿಂದ ಬಂದವರೇ.

ಹತ್ತು ಭಾಗಗಳವರೆಗೆ ಬದಲಿ ಹೊರಗಿನವರಾಗಿರುತ್ತಿದ್ದರು. ಅಂಚೆಯವನು, ಗಣಿತದ ಮೇಷ್ಟ್ರು, ಯಾರದೋ ಚಿಕ್ಕಮ್ಮ. ಹನ್ನೊಂದನೆಯ ಭಾಗದಲ್ಲಿ ಗೊತ್ತಾಗುತ್ತದೆ, ಐವರಲ್ಲೇ ಒಬ್ಬರು ಎಷ್ಟೋ ಕಾಲದ ಹಿಂದೆಯೇ ಬದಲಿಯಾಗಿದ್ದಾರೆ ಎಂದು. ಯಾರು ಎಂಬುದು ಹನ್ನೆರಡರಲ್ಲಿ. ಹನ್ನೆರಡು ಇನ್ನೂ ಅಚ್ಚಾಗಿರಲಿಲ್ಲ. ಸೆಕ್ಟರ್ ಮಾರ್ಕೆಟ್ಟಿನ ಪುಸ್ತಕದ ಅಂಗಡಿಯವನನ್ನು ಕೇಳಿದ್ದಕ್ಕೆ, "ಅಭೀ ಲಿಖ್ ರಹೇ ಹೋಂಗೇ, ಸಾಬ್" ಎಂದು, ಇನ್ನೂ ಬರೆಯುತ್ತಿರುವವರನ್ನು ತಾನೇ ಕೂರಿಸಿ ಬಂದವನಂತೆ ಹೇಳಿದ್ದ.

ಕೊನೆಯದರ ಹಿಂದಿನ ಪುಸ್ತಕ ವಿಚಿತ್ರವಾದ ವಸ್ತು. ಬಜೆಟ್ಟಿನ ಹಿಂದಿನ ದಿನದ ಪತ್ರಿಕೆಯ ಹಾಗೆ. ಪುಟಗಳು ತುಂಬಿರುತ್ತವೆ, ಸಂಗತಿ ಇರುವುದಿಲ್ಲ, ಎಲ್ಲರ ಮುಖವನ್ನೂ ಅನುಮಾನದಿಂದ ನೋಡಿ ಮುಗಿಸಿರುತ್ತೇವೆ. ಇದನ್ನು ಓದಿಯೇ ಹೇಳುತ್ತಿದ್ದೇನೆ. ಸರಣಿಯ ಪ್ರತಿಯೊಂದು ಭಾಗವನ್ನೂ ಮಗಳ ಕೈಗೆ ಕೊಡುವ ಮೊದಲು ನಾನು ಓದುತ್ತಿದ್ದೆ. ಅತಿಯಾದದ್ದು ಏನಾದರೂ ಇದೆಯೇ ನೋಡಲು ಎಂದು ವಿಜಯಾಳಿಗೆ ಹೇಳಿದ್ದೆ. ಐದನೆಯ ಭಾಗದ ಹೊತ್ತಿಗೆ ಅವಳು ಅದನ್ನು ನಂಬುವುದು ಬಿಟ್ಟಿದ್ದಳು. ಬಸ್ಸಿನಲ್ಲಿ ಓದುವಾಗ ಯಾರಾದರೂ ನೋಡಿಯಾರು ಎಂದು ಪುಸ್ತಕಕ್ಕೆ ನಮ್ಮದೇ ಪತ್ರಿಕೆಯ ಹೊದಿಕೆ ಹಾಕುತ್ತಿದ್ದೆ. ಆ ಚಳಿಗಾಲದಲ್ಲಿ ಹೊದಿಕೆಯೊಳಗೆ ಏನನ್ನಾದರೂ ಇಟ್ಟುಕೊಂಡು ಬಸ್ಸು ಹತ್ತುವುದು ಜಾಣತನವಾಗಿರಲಿಲ್ಲ. ಸಂಸತ್ತಿನ ಮೇಲೆ ದಾಳಿ ನಡೆದು ತಿಂಗಳಾಗಿತ್ತು. ಬಸ್ಸುಗಳಲ್ಲಿ ಸೀಟಿನ ಕೆಳಗೆ ನೋಡಿ ಕುಳಿತುಕೊಳ್ಳಿ ಎಂದು ಬರೆದಿತ್ತು, ಜನ ನಿಜವಾಗಿಯೂ ಬಗ್ಗಿ ನೋಡುತ್ತಿದ್ದರು. ಪಕ್ಕದವನ ಟಿಫಿನ್ ಡಬ್ಬಿ ಕೂಡ ಅನುಮಾನದ ವಸ್ತುವೇ.

ಅಂದ ಹಾಗೆ, ನಾನು ಯಾವ ಪುಸ್ತಕವನ್ನಾದರೂ ಓದುವುದು ಕೊನೆಯ ಪುಟದಿಂದ. ಸುಮಿಗೆ ಇದು ಅಪರಾಧ. ನನಗೆ ಇದು ರಾಣೆಬೆನ್ನೂರಿನಲ್ಲಿ ಬಂದ ಎಚ್ಚರ. ನಮ್ಮೂರಿನ ಬಾಡಿಗೆ ಪುಸ್ತಕದಂಗಡಿಯ ಪತ್ತೇದಾರಿ ಕಾದಂಬರಿಗಳಲ್ಲಿ ಕೊನೆಯ ಹಾಳೆ ಇರುವುದೇ ಅಪರೂಪ. ಯಾರೋ ಶೇಂಗಾ ಕಟ್ಟಲು ಹರಿದಿರುತ್ತಿದ್ದರು. ಇಡೀ ವಾರ ಓದಿ ಕೊನೆಗೆ ಕೊಲೆಗಾರ ಸಿಗದೆ ಊಟ ಬಿಟ್ಟಿದ್ದೇನೆ. ಆಮೇಲೆ, ಕೊನೆಯ ಹಾಳೆ ಇದೆಯೇ ಎಂದು ನೋಡಿಯೇ ಪುಸ್ತಕ ತೆಗೆದುಕೊಳ್ಳುವುದು ರೂಢಿಯಾಯಿತು. ನೋಡಲು ಹೋದ ಕಣ್ಣು ಓದದೆ ಹಿಂದಿರುಗುವುದಿಲ್ಲ. ಇನ್ನು ಕೆಲವು ಪುಸ್ತಕಗಳ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮ ಪೆನ್ಸಿಲ್ಲಿನಲ್ಲಿ "ಕೊಲೆ ಮಾಡಿದ್ದು ಡಾಕ್ಟರು" ಎಂದು ಬರೆದಿರುತ್ತಿದ್ದ. ಓದಿ ಮುಗಿಸಿದರೆ ಡಾಕ್ಟರು ಅಲ್ಲವೇ ಅಲ್ಲ. ಮುದ್ರಿತವಾದದ್ದನ್ನೆಲ್ಲ ನಂಬಬಾರದು, ಕೈಬರಹವನ್ನಂತೂ ನಂಬಲೇಬಾರದು ಎಂದು ನನಗೆ ಕಲಿಸಿದವನು ಅವನೇ. ನನ್ನ ವೃತ್ತಿಗೆ ಅವನೇ ಗುರು ಎಂದರೂ ಆದೀತು.

ಮುತ್ತಮ್ಮನಿಗೆ ಬರುತ್ತೇನೆ. ಅವಳು ಕೊಡಗಿನ ಹುಡುಗಿ. ಸುಮಿಯ ತರಗತಿಯೇ. ಅವಳ ತಂದೆ ಮೇಜರ್ ಬೋಪಯ್ಯ ದೆಹಲಿಯ ಯಾವುದೋ ಸೇನಾ ಕಚೇರಿಯಲ್ಲಿದ್ದರು. ನಮ್ಮ ಸಾಲಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಅವರ ಮನೆ. ಇಬ್ಬರೂ ಹುಡುಗಿಯರಿಗೆ ಈ ಸರಣಿಯನ್ನು ಓದುವ ಒಂದು ಪದ್ಧತಿ ಇತ್ತು. ಒಂದೇ ಪುಸ್ತಕ, ಒಟ್ಟಿಗೆ ಓದಬೇಕು. ಸುಮಿ ಎಡಗಡೆ ಹಿಡಿಯುವುದು, ಮುತ್ತಮ್ಮ ಬಲಗಡೆ ಹಿಡಿದು ಪುಟ ತಿರುಗಿಸುವುದು. ಮುತ್ತಮ್ಮ ಬೇಗ ಓದುತ್ತಾಳೆ. ಪುಟದ ಕೆಳಗೆ ತಲುಪಿ, ಹಾಳೆಯ ಮೂಲೆಯನ್ನು ಬೆರಳಲ್ಲಿ ಹಿಡಿದು, ಇವಳಿಗಾಗಿ ಕಾಯುತ್ತಾಳೆ. ಆ ದಿನದ ಓದು ಮುಗಿದ ಮೇಲೆ, ಉಳಿದ ಪುಟಗಳ ಸುತ್ತ ತನ್ನ ಜಡೆಯ ಕಪ್ಪು ಹೇರ್‌ಬ್ಯಾಂಡನ್ನು ಎರಡು ಸುತ್ತು ಹಾಕಿಡುತ್ತಾಳೆ. ಬ್ಯಾಂಡಿನ ಆಚೆಗೆ ಇಬ್ಬರೂ ಒಬ್ಬೊಬ್ಬರೇ ಹೋಗುವಂತಿಲ್ಲ. ಹತ್ತು ಭಾಗಗಳನ್ನು ಹೀಗೆಯೇ ಓದಿದ್ದರು. ಮಂಜಿಗೆ ಶಾಲೆಗಳಿಗೆ ರಜೆ ಕೊಟ್ಟಾಗಲೆಲ್ಲ, ಬಿಸಿಲು ಬಂದ ಮೇಲೆ, ತಾರಸಿಯ ಮೇಲೆ ಚಾಪೆ, ಎರಡು ತಲೆ, ಒಂದು ಪುಸ್ತಕ, ಸುತ್ತ ಕಿತ್ತಳೆ ಸಿಪ್ಪೆ.

ಹನ್ನೊಂದನೆಯ ಭಾಗವನ್ನು ಅರ್ಧ ಹೀಗೆ ಓದಿದ ಮೇಲೆ ಮುತ್ತಮ್ಮ, "ಇದನ್ನು ಮನೆಗೆ ತಗೊಂಡು ಹೋಗಿ ಓದಿ ಕೊಡ್ತೀನಿ" ಎಂದು ಪುಸ್ತಕ ಎತ್ತಿಕೊಂಡು ಹೋದಳಂತೆ. ಯಾಕೆ ಎಂದರೆ, "ಇವತ್ತು ತುಂಬಾ ಚಳಿ ಅಲ್ವಾ" ಎಂದಳಂತೆ. ಹನ್ನೆರಡನೆಯದು ಬಂದಾಗ ನಿಮ್ಮ ಮನೆಯಲ್ಲಿ ಓದೋಣವೇ ಎಂದು ಇವಳು ಕೇಳಿದ್ದಕ್ಕೆ ಅವಳು ಆಕಾಶದಲ್ಲಿದ್ದ ಗಾಳಿಪಟದ ಕಡೆ ನೋಡಿದಳಂತೆ.

"ನೋಡಿದ್ಯಾ?" ಎಂದು ಸುಮಿ ನನ್ನನ್ನು ಕೇಳಿದಳು. "ಸುಳ್ಳು ಹೇಳಲ್ಲ. ಜವಾಬೂ ಕೊಡಲ್ಲ."

ಅವಳು ನಗುತ್ತಿರಲಿಲ್ಲ. ಹದಿಮೂರು ವರ್ಷದ ಹುಡುಗಿಗೆ ಸರೋವರದ ಭೂತದಲ್ಲಿ ನಂಬಿಕೆ ಇರಲಿಲ್ಲ ಎಂಬುದು ನನಗೆ ಗೊತ್ತು. ಆದರೆ ಗೆಳತಿ ತನ್ನನ್ನು ಬಿಟ್ಟಳು ಎಂದು ಒಪ್ಪಿಕೊಳ್ಳುವುದಕ್ಕಿಂತ, ಗೆಳತಿಯ ಜಾಗದಲ್ಲಿ ಬೇರೆ ಯಾರೋ ಬಂದಿದ್ದಾರೆ ಎನ್ನುವುದು ಅವಳಿಗೆ ಸುಲಭವಾಗಿತ್ತು.

ಮುಂದಿನ ದಿನಗಳಲ್ಲಿ ನಾನೂ ಗಮನಿಸಿದೆ. ಅನುಮಾನ ಅಂಟುರೋಗ. ಮುತ್ತಮ್ಮನ ತಾಯಿ ಹಾಲಿನ ಬೂತಿನಲ್ಲಿ ಎದುರಾದವರು, ಮೊದಲಾದರೆ ಊರಿನ ಕಿತ್ತಳೆಯ ವಿಷಯ ಮಾತಾಡುವವರು, ನನ್ನನ್ನು ನೋಡಿ ಶಾಲು ಸರಿಮಾಡಿಕೊಂಡು ರಸ್ತೆ ದಾಟಿದರು. ಮೇಜರ್ ನಮಸ್ಕಾರ ಮಾಡಿದರು, ನಿಲ್ಲಲಿಲ್ಲ. ನಾನು ಬರೆದ ಯಾವುದೋ ವರದಿ ಅವರಿಗೆ ಬೇಸರ ತಂದಿರಬೇಕೆಂದು ಹಳೆಯ ಸಂಚಿಕೆಗಳನ್ನು ತಿರುವಿದೆ. ಒಂದು ಇತ್ತು, ಸೈನಿಕರ ಉಣ್ಣೆ ಬಟ್ಟೆಯ ಬಗ್ಗೆ. ಅದರಲ್ಲಿ ಬೇಸರ ಪಡುವಂಥದ್ದು ಏನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಓದುವಂಥದ್ದೂ ಹೆಚ್ಚಿರಲಿಲ್ಲ.

"ನೀವು ಸುಮ್ನೆ ಇಲ್ಲದ್ದು ಹುಡುಕ್ತೀರ" ಎಂದಳು ವಿಜಯಾ.

"ಹುಡುಕೋದೇ ನನ್ನ ಕೆಲಸ."

"ಆಫೀಸಲ್ಲಿ ಹುಡುಕಿ. ಇಲ್ಲಿ ನಿಮ್ಮ ಕನ್ನಡಕ ನಾನೇ ಹುಡುಕಿ ಕೊಡ್ಬೇಕು."

ಒಂದು ಸಂಜೆ ಸುಮಿ ಟ್ಯೂಷನ್ನಿಗೆ ಹೋಗಿದ್ದಾಗ ಬಾಗಿಲ ಗಂಟೆ ಬಡಿಯಿತು. ತೆರೆದರೆ ಮುತ್ತಮ್ಮ. ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲ.

"ಸುಮಿಗೆ ಕೊಡಿ ಅಂಕಲ್. ಬುಕ್."

"ಓದಿ ಆಯ್ತಾ?"

"ಮಂಜು ಜಾಸ್ತಿ ಆಗ್ತಿದೆ. ಹೋಗ್ತೀನಿ."

ಅವಳ ಹಿಂದೆ ಮಂಜೇನೋ ಇತ್ತು. ಆದರೂ ನಾನು ಬಿಡಲಿಲ್ಲ. ಪ್ರಶ್ನೆ ಬದಲಿಸಿ ಕೇಳುವುದು ನಮಗೆ ಅಭ್ಯಾಸ.

"ಸುಮಿ ಜೊತೆ ಜಗಳ ಏನಾದ್ರೂ?"

"ಇಲ್ಲ ಅಂಕಲ್."

"ಮನೇಲಿ ಎಲ್ಲ ಚೆನ್ನಾಗಿದ್ದಾರಾ? ಅಪ್ಪ?"

ಅವಳು ಚಪ್ಪಲಿಯ ತುದಿ ನೋಡಿದಳು. ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು. ಬದಲಿಯ ಲಕ್ಷಣಗಳೆಲ್ಲ ಸರಿಯಾಗಿ ಕಂಡವು. ಆಮೇಲೆ ತಲೆ ಎತ್ತಿ, ಸಾಕಷ್ಟು ಯೋಚಿಸಿದವಳ ಹಾಗೆ, "ಅಂಕಲ್, ನೀವು ಪೇಪರ್‌ನವರಲ್ವಾ?" ಎಂದಳು.

"ಹೌದು."

"ಅದಕ್ಕೇ. ಅಪ್ಪ ಹೇಳಿದ್ದಾರೆ. ಎಲ್ಲಿಗೆ, ಯಾವಾಗ ಅಂತ ಪೇಪರ್‌ನವರ ಮನೇಲಿ ಮಾತ್ರ ಬಾಯಿ ಬಿಡಬಾರದು ಅಂತ."

ಹೇಳಿದ ಮೇಲೆ, ತಾನು ಬಾಯಿ ಬಿಟ್ಟಿದ್ದೇನೆಂದು ಅವಳಿಗೆ ತಿಳಿಯಿತು. ಕಣ್ಣು ಅಗಲವಾಯಿತು.

ಆ ವಾರಗಳಲ್ಲಿ ಸೈನ್ಯ ಗಡಿಗೆ ಹೋಗುತ್ತಿತ್ತು. ಯಾವ ತುಕಡಿ, ಎಲ್ಲಿಗೆ, ಯಾವಾಗ ಎಂದು ಕೇಳುತ್ತ ದೆಹಲಿಯ ವರದಿಗಾರರೆಲ್ಲ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದೆವು. ಆ ಪ್ರಶ್ನೆಯ ಒಂದು ಸಣ್ಣ ಉತ್ತರ ಉಣ್ಣೆಯ ಟೋಪಿ ಹಾಕಿಕೊಂಡು ನನ್ನ ಬಾಗಿಲಲ್ಲೇ ನಿಂತಿತ್ತು. ಮೇಜರರ ಮನೆಯಲ್ಲಿ ಅನುಮಾನದ ವಸ್ತು ಯಾವುದು ಎಂಬುದೂ ಆಗ ತಿಳಿಯಿತು. ಅದು ನಾನು. ನನ್ನಿಂದಾಗಿ ನನ್ನ ಮಗಳೂ.

"ಬರೀತೀರಾ?" ಎಂದು ಕೇಳಿದಳು.

"ಇಲ್ಲ."

"ಸುಮಿಗೆ ಹೇಳ್ತೀರಾ?"

"ನೀನು ಹೇಳಬೇಡ ಅಂದ್ರೆ ಇಲ್ಲ."

"ಹೇಳಬೇಡಿ. ಅವಳಿಗೆ ಹೇಳಿದ್ರೆ ಇಡೀ ಕ್ಲಾಸಿಗೆ ಗೊತ್ತಾಗುತ್ತೆ. ಅಮ್ಮ ನಾನು ವಿರಾಜಪೇಟೆಗೆ ಹೋಗ್ತೀವಿ, ಅಜ್ಜಿ ಮನೆಗೆ. ಬುಧವಾರ." ಮತ್ತೆ ಟೋಪಿ ಎಳೆದುಕೊಂಡು, "ಇದೂ ಬರೀಬೇಡಿ" ಎಂದಳು.

ಮಂತ್ರಿಗಳೂ ಕಾರ್ಯದರ್ಶಿಗಳೂ ಹೆಸರು ಹಾಕಬೇಡಿ ಎಂದು ಹೇಳಿ ಕೊಟ್ಟ ಮಾಹಿತಿಯನ್ನು ನಾನು ಕಾಪಾಡಿದ್ದೇನೆ. ಅವರಲ್ಲಿ ಯಾರೂ ಇಷ್ಟು ಹೆದರಿ ನಿಂತಿರಲಿಲ್ಲ. ಮಾತು ಕೊಟ್ಟೆ. ಅವಳು ಮಂಜಿನೊಳಗೆ ಹೋದಳು.

ಸುಮಿ ಬಂದು ಚೀಲವನ್ನು ನೋಡಿದಳು, ಬಿಚ್ಚಲಿಲ್ಲ. ಫ್ರಿಜ್ಜಿನ ಮೇಲೆ ಇಟ್ಟಳು.

"ಏನಂದ್ಲು?"

"ಸುಮಿಗೆ ಕೊಡಿ ಅಂದ್ಲು."

"ಬೇರೆ?"

"ಮಂಜು ಜಾಸ್ತಿ ಅಂದ್ಲು."

"ಓದಿ ಮುಗಿಸಿದ್ಲಂತಾ?"

"ಊಟಕ್ಕೇನು ಇವತ್ತು?" ಎಂದು ನಾನು ಅಡುಗೆಮನೆಯ ಕಡೆ ನೋಡಿದೆ.

ಸುಮಿ ನನ್ನನ್ನೇ ದಿಟ್ಟಿಸಿದಳು. "ಅಮ್ಮಾ," ಎಂದು ಕರೆದಳು, "ಅಪ್ಪಾನೂ ಬದಲಿ."

"ಯಾವಾಗ ಆದ್ರಂತೆ?" ಎಂದಳು ವಿಜಯಾ ಒಳಗಿನಿಂದ. "ಹೊಸಬರಿಗೆ ಬಲ್ಬ್ ಹಾಕೋಕೆ ಬರುತ್ತಾ ಕೇಳು."

ಸೋಮವಾರ ಹೋಯಿತು. ಚೀಲ ಫ್ರಿಜ್ಜಿನ ಮೇಲೆಯೇ ಇತ್ತು. ಅದನ್ನು ಅವಳ ಮೇಜಿನ ಮೇಲಿಟ್ಟೆ, ಅವಳು ಮತ್ತೆ ಫ್ರಿಜ್ಜಿನ ಮೇಲಿಟ್ಟಳು. ಮುತ್ತಮ್ಮನ ಮನೆ ಕಡೆ ಒಂದು ಸುತ್ತು ಹೋಗಿ ಬಾ ಎಂದೆ. "ಯಾಕೆ?" ಎಂದಳು. ಹಾಗೆ ಕೇಳಿದಾಗ ಅವಳು ಥೇಟ್ ನನ್ನ ಹಾಗೆ ಕಂಡಳು. ಎರಡು ವರ್ಷದ ಗೆಳತಿ ನಾಡಿದ್ದು ಊರು ಬಿಡುತ್ತಾಳೆ. ಇವಳು ಮಾತಾಡಿಸದೆ ಕೂತಿದ್ದಾಳೆ. ನನಗೆ ಗೊತ್ತು, ಹೇಳುವಂತಿಲ್ಲ. ಮಂಗಳವಾರ ಮಧ್ಯಾಹ್ನ ಕಚೇರಿಗೆ ಹೊರಡುವ ಮುನ್ನ ಚೀಲವನ್ನು ಬಿಚ್ಚಿದೆ. ಬೇರೆ ಉದ್ದೇಶವಿರಲಿಲ್ಲ. ಕೊನೆಯ ಹಾಳೆ ಇದೆಯೇ ಎಂದು ನೋಡಲು, ಅಷ್ಟೇ.

ಕೊನೆಯ ಹಾಳೆ ಇತ್ತು, ಆದರೆ ತೆರೆಯಲಾಗಲಿಲ್ಲ. ಕೊನೆಯ ಅಧ್ಯಾಯದ ಸುತ್ತ ಕಪ್ಪು ಹೇರ್‌ಬ್ಯಾಂಡು ಎರಡು ಸುತ್ತು ಹಾಕಿತ್ತು.

ಬೇಗ ಓದುವ ಹುಡುಗಿ, ಹೊರಡುವ ಮುನ್ನ ಇಡೀ ಪುಸ್ತಕ ಮುಗಿಸಿಬಿಡಬೇಕೆಂದು ಎತ್ತಿಕೊಂಡು ಹೋದವಳು, ಕೊನೆಯ ಅಧ್ಯಾಯದ ಬಾಗಿಲಲ್ಲಿ ನಿಂತುಬಿಟ್ಟಿದ್ದಳು.

ನಾನು ಕುರ್ಚಿಯ ಮೇಲೆ ಕೂತು ಲೆಕ್ಕ ಹಾಕಿದೆ. ಅವಳು ಹೇಳಬೇಡಿ ಎಂದದ್ದು ಎಲ್ಲಿಗೆ, ಯಾವಾಗ ಎಂಬ ಎರಡನ್ನು. ಹೇರ್‌ಬ್ಯಾಂಡಿನ ವಿಷಯ ಅವಳು ಎತ್ತಿರಲಿಲ್ಲ. ಅದು ನನ್ನ ಕಣ್ಣಿಂದ ನಾನೇ ಕಂಡ ಸಂಗತಿ. ಅದನ್ನು ವರದಿ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಸುಮಿ ಶಾಲೆಯಿಂದ ಬರುವವರೆಗೂ ಕಚೇರಿಗೆ ಹೊರಡಲಿಲ್ಲ. ಅವಳು ಬ್ಯಾಗು ಇಳಿಸುತ್ತಿದ್ದಾಗ, "ಪುಸ್ತಕಕ್ಕೆ ಹೇರ್‌ಬ್ಯಾಂಡು ಹಾಕಿದೆ" ಎಂದೆ.

"ಎಲ್ಲಿ?"

"ಕೊನೆಯ ಅಧ್ಯಾಯಕ್ಕೆ."

"ನೀನು ತೆಗೆದ್ಯಾ?"

"ಇಲ್ಲ."

ಅವಳು ನನ್ನ ಮುಖ ನೋಡಿದಳು, ಸತ್ಯವೋ ಸುಳ್ಳೋ ಎಂದು. ಚೀಲ ತೆಗೆದು ನೋಡಿದಳು. ಬ್ಯಾಂಡನ್ನು ಬೆರಳಿನಿಂದ ಒಮ್ಮೆ ಎಳೆದು ಬಿಟ್ಟಳು. ಶೂ ಕೂಡ ಬಿಚ್ಚದೆ ಪುಸ್ತಕ ಹಿಡಿದು ಮೆಟ್ಟಿಲಿಳಿದು ಹೋದಳು.

ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಬೋಪಯ್ಯನವರ ಮನೆಯ ಬಾಗಿಲು ತೆರೆದಿತ್ತು. ಪರದೆಗಳಿರಲಿಲ್ಲ, ಗೋಡೆಯಲ್ಲಿ ಮೊಳೆಗಳಷ್ಟೇ ಉಳಿದಿದ್ದವು. ವರಾಂಡದಲ್ಲಿ ಕಪ್ಪು ಬಣ್ಣದ ತಗಡಿನ ಪೆಟ್ಟಿಗೆಗಳ ಸಾಲು. ಮೇಜರ್ ಬಿಳಿ ಬಣ್ಣ ಅದ್ದಿದ ಬ್ರಷ್ಷು ಹಿಡಿದು ಒಂದು ಪೆಟ್ಟಿಗೆಯ ಮೇಲೆ ವಿಳಾಸ ಬರೆಯುತ್ತ ಕೂತಿದ್ದರು. ನನ್ನನ್ನು ಕಂಡವರೇ ಪಕ್ಕದಲ್ಲಿದ್ದ ಪತ್ರಿಕೆಯ ಹಾಳೆಯನ್ನು ಎತ್ತಿ ಹಸಿ ಅಕ್ಷರಗಳ ಮೇಲೆ ಹಾಸಿಬಿಟ್ಟರು. ಹಾಸಿದ್ದು ನಮ್ಮ ಪತ್ರಿಕೆ. ಪುಟದ ಮಧ್ಯದಲ್ಲಿ ಸೈನಿಕರ ಉಣ್ಣೆ ಬಟ್ಟೆಯ ವರದಿ.

"ಬನ್ನಿ ಬನ್ನಿ. ಏನು ಸಮಾಚಾರ?" ಎಂದರು.

"ನೀವೇ ಹೇಳ್ಬೇಕು."

"ನಾವೇನು ಹೇಳೋದು, ಪೇಪರ್ ನಿಮ್ದು."

"ಚಳಿ ಈ ಸಲ ಜಾಸ್ತಿ."

"ಜಾಸ್ತಿ" ಎಂದು ಅವರು ಒಪ್ಪಿದರು. ಆ ವಿಷಯದಲ್ಲಿ ನಮ್ಮಿಬ್ಬರಲ್ಲೂ ಭಿನ್ನಾಭಿಪ್ರಾಯವಿರಲಿಲ್ಲ. ಮುತ್ತಮ್ಮನ ತಾಯಿ ಉಕ್ಕಿನ ಲೋಟದಲ್ಲಿ ಕಾಫಿ ತಂದರು. ಪಿಂಗಾಣಿ ಕಪ್ಪುಗಳೆಲ್ಲ ಕಟ್ಟಿಟ್ಟಾಗಿದೆ ಎಂದು ಹೇಳಲು ಹೊರಟವರು ಗಂಡನ ಮುಖ ನೋಡಿ, "ಸಕ್ಕರೆ ಸಾಕಾ?" ಎಂದರು. ನಾನು ಪೆಟ್ಟಿಗೆಗಳನ್ನು ನೋಡದೆ ಕಾಫಿ ಕುಡಿದೆ. ಪೆಟ್ಟಿಗೆಗಳೇ ತುಂಬಿದ ವರಾಂಡದಲ್ಲಿ ಅದು ಸುಲಭವಲ್ಲ.

ಒಳಕೋಣೆಯಲ್ಲಿ ಮಂಚ ಬಿಚ್ಚಿಟ್ಟಿತ್ತು. ಒಂದು ಪೆಟ್ಟಿಗೆಯ ಮೇಲೆ ಇಬ್ಬರೂ ಕೂತಿದ್ದರು. ಎಡಗಡೆ ಸುಮಿ, ಬಲಗಡೆ ಮುತ್ತಮ್ಮ. ಹೇರ್‌ಬ್ಯಾಂಡು ಮುತ್ತಮ್ಮನ ಮಣಿಕಟ್ಟಿನಲ್ಲಿತ್ತು. ಅವಳು ಪುಟದ ಕೆಳಗೆ ತಲುಪಿ, ಹಾಳೆಯ ಮೂಲೆ ಹಿಡಿದು ಕಾಯುತ್ತಿದ್ದಳು. ಸುಮಿ ಬಹಳ ನಿಧಾನವಾಗಿ ಓದುತ್ತಿದ್ದಳು. ಅವಳು ಅಷ್ಟು ನಿಧಾನವಲ್ಲ.

"ತಿರುಗಿಸ್ಲಾ?" ಎಂದಳು ಮುತ್ತಮ್ಮ.

"ರುಕ್," ಎಂದಳು ಸುಮಿ. "ಇನ್ನೂ ಆಗಿಲ್ಲ."

ಮುಗಿಯುವವರೆಗೆ ನಾನು ವರಾಂಡದಲ್ಲಿ ಚಳಿಯ ಬಗ್ಗೆ ಉಳಿದದ್ದನ್ನು ಮಾತಾಡಿದೆ. ಹೊರಡುವಾಗ ಮೇಜರ್ ಪತ್ರಿಕೆಯ ಅಂಚನ್ನು ಎತ್ತಿ ನೋಡಿದರು. ಹಾಳೆ ಹಸಿ ಬಣ್ಣಕ್ಕೆ ಹಿಡಿದುಕೊಂಡಿತ್ತು. ಅದನ್ನು ಹಾಗೆಯೇ ಬಿಟ್ಟರು. ಹಿಂದಿರುಗುವ ದಾರಿಯಲ್ಲಿ ಮುತ್ತಮ್ಮ ಎಲ್ಲಿಗೆ ಹೋಗುತ್ತಾಳೆ ಎಂದು ನಾನು ಕೇಳಲಿಲ್ಲ. ಮನೆ ಹತ್ತಿರ ಬಂದಾಗ ಸುಮಿಯೇ, "ಅವಳು ಬದಲಿ ಅಲ್ಲ ಅಪ್ಪ" ಎಂದಳು. "ನಿಂಗೆ ಮಾತ್ರ ಡೀಟೇಲ್ಸ್ ಹೇಳಲ್ಲ."

ಬುಧವಾರ ಅವರು ಹೋದರು. ಆಮೇಲೆ ಸುಮಿ ವಿರಾಜಪೇಟೆಗೆ ಪತ್ರ ಬರೆಯುತ್ತಿದ್ದಳು, ಮುತ್ತಮ್ಮ ತನ್ನ ಅಪ್ಪನಿಗೆ. ಅಪ್ಪನ ವಿಳಾಸದಲ್ಲಿ ಊರಿನ ಹೆಸರೇ ಇರುವುದಿಲ್ಲ, ಸೇನೆಯ ಅಂಚೆ ಸಂಖ್ಯೆಯಷ್ಟೇ ಎಂದು ಸುಮಿ ಒಮ್ಮೆ ಹೇಳಿದಳು. ಸಂಖ್ಯೆ ಎಷ್ಟು ಎಂದು ಹೇಳಲಿಲ್ಲ. ಆ ವರ್ಷದ ಕೊನೆಗೆ ಗಡಿಯಿಂದ ಸೈನ್ಯ ಹಿಂದಿರುಗಿತು. ನಿವೃತ್ತರಾದ ಮೇಜರ್ ಬೋಪಯ್ಯ ಈಗ ವಿರಾಜಪೇಟೆಯಲ್ಲಿದ್ದಾರೆ.

ಹನ್ನೆರಡನೆಯ ಭಾಗ ಮರುವರ್ಷ ಮಾರ್ಕೆಟ್ಟಿಗೆ ಬಂತು. ಸುಮಿ ಈ ಸಲ ನನ್ನ ಕೈಗೆ ಸಿಗದಂತೆ ತಾನೇ ಕೊಂಡು, ಒಂದು ಪ್ರತಿಯನ್ನು ತಾನಿಟ್ಟುಕೊಂಡು ಇನ್ನೊಂದನ್ನು ವಿರಾಜಪೇಟೆಗೆ ಕಳಿಸಿದಳು. ಇಬ್ಬರೂ ಅವರವರ ಮನೆಯಲ್ಲಿ ಕೊನೆಯ ಅಧ್ಯಾಯದವರೆಗೆ ಮಾತ್ರ ಓದಿದರು. ನಾವು ಈಗ ದೆಹಲಿಯದೇ ಮಯೂರ್ ವಿಹಾರದಲ್ಲಿದ್ದೇವೆ. ಆ ಪುಸ್ತಕ ಸುಮಿಯ ಕಪಾಟಿನಲ್ಲಿದೆ, ಅದರ ಕೊನೆಯ ಅಧ್ಯಾಯದ ಸುತ್ತ ಕಪ್ಪು ಹೇರ್‌ಬ್ಯಾಂಡು ಇದೆ. ಎರಡು ಸುತ್ತು ಅವಳು ಹೇಗೆ ಹಾಕುತ್ತಾಳೆಂದು ನನಗೆ ಗೊತ್ತಿಲ್ಲ, ತೆಗೆದರೆ ಮತ್ತೆ ಹಾಗೆಯೇ ಹಾಕಲು ಬರುವುದಿಲ್ಲ. ಐವರಲ್ಲಿ ಬದಲಿ ಯಾರೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿಲ್ಲ.

ಇದು 2009. ಮುತ್ತಮ್ಮ ಸೈನ್ಯ ಸೇರಲು ಆಯ್ಕೆಯಾಗಿದ್ದಾಳೆ. ತರಬೇತಿಗೆ ಹೋಗುವ ಮುನ್ನ ದೆಹಲಿಗೆ ಬಂದು ಹೋಗುವುದಾಗಿ ಕಳೆದ ಭಾನುವಾರ ಫೋನ್ ಮಾಡಿದಳು. ಫೋನ್ ಎತ್ತಿದ್ದು ನಾನು. ಯಾವ ರೈಲು, ಯಾವ ದಿನ ಎಂದು ಕೇಳಿದೆ.

"ಸುಮಿಗೆ ಕೊಡಿ ಅಂಕಲ್" ಎಂದಳು.

ಕೊಟ್ಟೆ.